ಕಣ್ಣು ಬಿದ್ದ ಕೂಸು

ಕೂಸು ಹುಟ್ಟಿ ಮೂರು ದಿನವಾದರೂ ಕಕ್ಕ ಮಾಡಿರಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕುಡಿದ ಹಾಲೆಲ್ಲ ಹಸಿರು ವಾಂತಿಯಾಗಿ ಹೊರಬರುತ್ತಿತ್ತು.

"ಹೊರಗೆ ಕೂತಿದಾಳಲ್ಲ ನನ್ನ ಓರಗಿತ್ತಿ, ಅವಳನ್ನ ಒಳಗೆ ಬಿಡಬೇಡ ಕಣೋ," ಎಂದು ಆಸ್ಪತ್ರೆಯ ಕೋಣೆಯಲ್ಲಿ ಅಜ್ಜಿ ಮಗನ ತೋಳು ಹಿಡಿದಳು. "ನನ್ನ ಚೊಚ್ಚಲು ಕೂಸು ಹೋಗಿದ್ದು ಅವಳ ಕಣ್ಣು ಬಿದ್ದೇ. ಅದಕ್ಕೂ ಹೀಗೇ ಹೊಟ್ಟೆ ಉಬ್ಬಿತ್ತು."

ಡಾಕ್ಟರು ಥಟ್ಟನೆ ತಲೆಯೆತ್ತಿದರು.

"ಕಣ್ಣಲ್ಲಮ್ಮ. ಕರುಳಿನ ಚೂರು ಪರೀಕ್ಷೆ ಮಾಡಿದ್ವಿ. ಕರುಳನ್ನ ನಡೆಸೋ ನರಕೋಶಗಳು, ಅವನ್ನ ಸಾಕೋ ಗ್ಲಿಯಾ ಕೋಶಗಳು, ಎರಡೂ ಕೊನೇ ಭಾಗದಲ್ಲಿ ಬೆಳೆದೇ ಇಲ್ಲ. ಇವತ್ತೇ ಆಪರೇಷನ್ ಮಾಡಿದ್ರೆ ಉಳಿಸಬಹುದು. ಇದು ವಂಶದಲ್ಲೂ ಬರುತ್ತೆ. ನಿಮ್ಮ ಯಜಮಾನ್ರ ಕಡೆ ಇನ್ಯಾವ ಮಗುವಾದ್ರೂ ಹೀಗೆ ಹೋಗಿದೆಯಾ?"

"ಇಲ್ಲಪ್ಪ, ನಂದೊಂದೇ," ಎಂದಳು ಅಜ್ಜಿ.

ಅಷ್ಟರಲ್ಲಿ ಓರಗಿತ್ತಿ ಬಾಗಿಲಿಗೆ ಬಂದು ನಿಂತಿದ್ದಳು. ಹೊಸ್ತಿಲು ಮಾತ್ರ ದಾಟಲಿಲ್ಲ.

"ತವರಲ್ಲಿ ಹೆತ್ತ ನನ್ನ ಕೂಸೂ ಹೀಗೇ ಹೊಟ್ಟೆ ಉಬ್ಬಿ ಹೋಯ್ತು, ಅಕ್ಕ. ನಿಮಗೆ ಜ್ವರ ಅಂತ ಹೇಳಿದ್ವಿ," ಎಂದಳು. "ನೀವು ಬಾಣಂತಿ ಕೋಣೆಗೆ ಬಂದು ನೋಡಿ ಹೋದ ಮಾರನೇ ದಿನ."