ಗಂಟೆ ಹೊಡೆಯುವವರೆಗೆ

ಪೆನ್ಸಿಲ್ ಮತ್ತೆ ಹಾರಿ ಬಂದು ಕಪ್ಪುಹಲಗೆಗೆ ಬಡಿಯಿತು. ಎಸೆದವಳು ಯಾರೆಂದು ತಿರುಗಿ ನೋಡದೆಯೇ ಟೀಚರಿಗೆ ಗೊತ್ತಾಯಿತು. ಹಿಂದಿನ ಬೆಂಚಿನ ತುಂಟಿ.

ಕೋಪ ಮಾಡಿಕೊಳ್ಳುವಂತಿಲ್ಲ. ಇದು ಬರೀ ಪಾಠವಲ್ಲ, ಕೆಲಸಕ್ಕಾಗಿ ಕೊಡುತ್ತಿರುವ ಪರೀಕ್ಷೆ. ಗೆದ್ದರೆ ಸಂಬಳ, ಜೊತೆಗೆ ಮಗಳಿಗೂ ಇದೇ ಶಾಲೆಯಲ್ಲಿ ಪುಕ್ಕಟೆ ಸೀಟು. ಸೋತರೆ ಕೇಳಲು ಬೇರೆ ಶಾಲೆಯೇ ಉಳಿದಿರಲಿಲ್ಲ. ಹೊರಡುವಾಗ ಟೀಚರ ಅಮ್ಮ ಹೇಳಿದ್ದಳು: "ಆ ಮೂಗಿನ ತುದಿ ಕೋಪಾನ ಮನೇಲೇ ಇಟ್ಟು ಹೋಗೇ."

ಬಾಗಿಲಲ್ಲಿ ಗುಮಾಸ್ತ ಇಲ್ಲಿಯ ಪದ್ಧತಿ ತಿಳಿಸಿದ್ದ. "ಗಂಟೆ ಹೊಡೆಯೋವರೆಗೂ ಅವರು ಒಂದನೇ ಕ್ಲಾಸು, ನೀವು ಅವರ ಟೀಚರು. ಏನೇ ಮಾಡಿದ್ರೂ ನೀವೊಬ್ರೇ ಸಂಭಾಳಿಸಬೇಕು. ನಮ್ಮ ದೊಡ್ಡ ಮೇಡಂ ಎಲ್ಲಾನೂ ನೋಡ್ತಿರ್ತಾರೆ." ಭಾನುವಾರ ಬೇರೆ, ಅಂಗಳದ ಜಾರುಬಂಡೆ ಬಿಕೋ ಎನ್ನುತ್ತಿತ್ತು. ಈ ಒಂದು ಕೋಣೆಯಲ್ಲಿ ಮಾತ್ರ ಸಂತೆ.

ಅವಳು ಪೆನ್ಸಿಲನ್ನು ಎತ್ತಿ ಹಿಡಿದಳು. "ದಿಸ್ ಈಸ್ ಎ ಪೆನ್ಸಿಲ್." ಇನ್ನೊಂದಷ್ಟು ಸೇರಿಸಿದಳು. "ದೀಸ್ ಆರ್ ಪೆನ್ಸಿಲ್ಸ್. ಒಂದಿದ್ರೆ ದಿಸ್, ಜಾಸ್ತಿ ಇದ್ರೆ ದೀಸ್. ಎಲ್ಲಿ, ಹೇಳಿ?"

"ದೀಸ್ ಈಸ್ ಪೆನ್ಸಿಲ್," ಎಂದು ಮುಂದಿನ ಬೆಂಚು ಒಕ್ಕೊರಲಿನಿಂದ ಕೂಗಿತು. ಕಿಟಕಿ ಪಕ್ಕದವನು ಊಟದ ಮಂಪರಿನಲ್ಲಿ ತೂಕಡಿಸುತ್ತಿದ್ದ. ಮೂಲೆಯ ದಪ್ಪನೆಯವಳು ಇಕ್ಕಟ್ಟಿನ ಬೆಂಚಿನಲ್ಲಿ ಮಿಸುಕಾಡಿ, "ಟೀಚರ್, ಇವನು ನನ್ನ ರಬ್ಬರ್ ಕದ್ದ," ಎಂದು ರಾಗ ಎಳೆದಳು. "ಟೀಚರ್, ಬೋರ್ಡು ಕಾಣಿಸಲ್ಲ." "ಟೀಚರ್, ಒಂದಕ್ಕೆ." ಕೋತಿಗಳಿಗೆ ಹೆಂಡ ಕುಡಿಸಿದಂತಿತ್ತು. ಟೀಚರ್ ಹಲ್ಲುಕಚ್ಚಿ ಒಬ್ಬೊಬ್ಬರನ್ನೇ ಸಮಾಧಾನ ಮಾಡಿದಳು.

ಆಗ ತುಂಟಿ ಎದ್ದಳು. ನೇರ ಮುಂದೆ ಬಂದು, ಮೇಜಿನ ಮೇಲಿದ್ದ ಪೆನ್ಸಿಲ್ ಡಬ್ಬಿಯನ್ನು ಬೇಕೆಂದೇ ಕೆಡವಿದಳು.

"ಟೀಚರ್, ಹಳೇ ಸ್ಕೂಲಿಂದ ನಿಮ್ಮನ್ನ ಯಾಕೆ ಓಡಿಸಿದ್ರು?"

ಆ ವಿಷಯ ಇಲ್ಲಿಯವರೆಗೂ ಬಂತೇ? ಟೀಚರಿಗೆ ಪಿತ್ತ ನೆತ್ತಿಗೇರಿತು. ಕೈ ತಾನಾಗಿಯೇ ಮರದ ಸ್ಕೇಲಿನ ಮೇಲೆ ಹೋಯಿತು. ಸ್ಕೇಲು ಮೇಲೆದ್ದಿತು. ತುಂಟಿ ಕಣ್ಣು ಮಿಟುಕಿಸದೆ ನೋಡುತ್ತಲೇ ನಿಂತಿದ್ದಳು.

ಟೀಚರಿಗೆ ಮಗಳ ಮುಖ ನೆನಪಾಯಿತು. ನಾಚಿಕೆಯಾಯಿತು. ಸ್ಕೇಲನ್ನು ಮೇಜಿನ ಆಚೆ ತುದಿಗೆ ತಳ್ಳಿ, ನೆಲದ ಮೇಲೆ ಕುಳಿತುಬಿಟ್ಟಳು.

"ಒಬ್ಬ ಹುಡುಗನಿಗೆ ಹೊಡೆದಿದ್ದೆ, ಅದಕ್ಕೆ," ಎಂದಳು ಮೆಲ್ಲಗೆ. "ತಪ್ಪು ನಂದೇ. ಬಾ ಪುಟ್ಟಿ, ಇಬ್ರೂ ಸೇರಿ ಎತ್ತಿಡೋಣ."

ತುಂಟಿ ನಿಧಾನವಾಗಿ ಪಕ್ಕದಲ್ಲೇ ಕುಳಿತು ಪೆನ್ಸಿಲ್ ಆಯತೊಡಗಿದಳು. ಕೈತುಂಬ ಆದಾಗ ಟೀಚರ್ ಕೇಳಿದಳು, "ಈಗ ಹೇಳು ನೋಡೋಣ. ದೀಸ್...?"

"ದೀಸ್ ಆರ್ ಪೆನ್ಸಿಲ್ಸ್."

ಗಂಟೆ ಹೊಡೆಯಿತು.

ಶಾಲೆಯ ಶಿಕ್ಷಕರೆಲ್ಲ ಉಸ್ಸಪ್ಪಾ ಎನ್ನುತ್ತ ಪುಟ್ಟ ಬೆಂಚುಗಳಿಂದ ಕಾಲು ಬಿಡಿಸಿಕೊಂಡು ಎದ್ದರು. ನೆಲದ ಮೇಲೆ ಕುಳಿತಿದ್ದ ಮುಖ್ಯೋಪಾಧ್ಯಾಯಿನಿ ಬಿಚ್ಚಿಹೋದ ನರೆಗೂದಲನ್ನು ಗಂಟು ಹಾಕಿಕೊಂಡು, ಟೀಚರ್ ಕಡೆ ಕೈ ಚಾಚಿದರು: "ಸ್ವಲ್ಪ ಹಿಡಿದು ಎಬ್ಬಿಸಮ್ಮ, ಮಂಡಿ ನನ್ನ ಮಾತು ಕೇಳಲ್ಲ. ನಾಳೆ ಮಗಳನ್ನೂ ಕರ್ಕೊಂಡು ಬಾ. ಈ ಬೆಂಚಲ್ಲಿ ನಿಜವಾದ ಮಕ್ಕಳು ಕೂತಿರ್ತಾರೆ."