ಸಿರುಗುಪ್ಪದ ಟಿಕ್ಕು

ಕಂಕುಳಲ್ಲಿ ಊರನ್ನಿಟ್ಟುಕೊಂಡು ಕೂಸನ್ನೆಲ್ಲ ಹುಡುಕಿದರಂತೆ. ಗಾದೆ ಸೊಟ್ಟಗಿರಬಹುದು, ಕಥೆ ಮಾತ್ರ ಬಳ್ಳಾರಿಯಲ್ಲಿ ನಡೆದದ್ದೇ.

ಜಿಲ್ಲೆಯ ವೆಬ್‌ಸೈಟುಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ ಸುಧಾರಾಣಿ ಫೋನೆತ್ತಿದಳು. ಮ್ಯಾನೇಜರ್ ಚಿದಾನಂದಪ್ಪನವರ ಗೊಗ್ಗರು ದನಿ: "ಕುರುಗೋಡಿನ ಕಣ್ಣಾಸ್ಪತ್ರಿ ವೆಬ್‌ಸೈಟಿನ ಸೆಕ್ಯುರಿಟಿ ಸರ್ಟಿಫಿಕೇಟು ಇವತ್ತ ಮುಗಿತೈತಿ. ಹೊಸಾದು ಹಾಕಲಿಲ್ಲಂದ್ರ ನಾಳಿ ಸೈಟು ತೆರಿಯಂಗಿಲ್ಲ, ರೋಗಿಗಳಿಗೆ ಟೋಕನ್ ಸಿಗಂಗಿಲ್ಲ. ಹುಡುಕವಾ."

ಕಂಪ್ಯೂಟರಿನ ಪಟ್ಟಿಯಲ್ಲಿ ಒಟ್ಟು ನಾಲ್ಕು ಸಾವಿರ ಸರ್ಟಿಫಿಕೇಟು. 'ಕುರುಗೋಡು' ಎಂದು ಹುಡುಕಿದಳು, ಸೊನ್ನೆ. 'ಇವತ್ತು ಮುಗಿಯುವವು' ಎಂದಳು, ಅದೂ ಸೊನ್ನೆ. ಕಳೆದ ವರ್ಷ ತಾನೇ ಹಾಕಿದ ಸರ್ಟಿಫಿಕೇಟು ಎಲ್ಲಿ ಹೋಯಿತು?

ಮೆಟ್ಟಿಲ ಕಡೆಯಿಂದ ಸಹೋದ್ಯೋಗಿ ಹುಲುಗೇಶ ಮೊಬೈಲು ಹಿಡಿದು ಕಿಸಿಯುತ್ತ ಬಂದ. "ಸಾಕು ಬಿಡಕ್ಕಾ. ಸಾಹೇಬ್ರು ಮೋಕಾ ಊರಾಗ ಮದುವಿ ಊಟಕ್ಕ ಕುಂತಾರ. ಫೋನಿನ್ಯಾಗಿನ ದನಿ ನಂದು, ಸುದ್ದಿ ಸುಳ್ಳು."

ಅಷ್ಟರಲ್ಲಿ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. 'ಸಿರುಗುಪ್ಪ ಮಾತ್ರ' ಎಂದು ಬೆಳಿಗ್ಗೆ ಹಾಕಿದ ಟಿಕ್ಕು ಇನ್ನೂ ಹಾಗೇ ಇತ್ತು. ಜಿಲ್ಲೆಯನ್ನೆಲ್ಲ ಅವಳು ಒಂದೇ ಊರಿನೊಳಗೆ ಹುಡುಕುತ್ತಿದ್ದಳು. ಟಿಕ್ಕು ತೆಗೆದಳು. ಮೊದಲ ಸಾಲಿನಲ್ಲೇ ಬಂತು: ಕುರುಗೋಡು ಕಣ್ಣಾಸ್ಪತ್ರೆ, ಇವತ್ತೇ ಕೊನೆ.

ಸುಳ್ಳು ಹೇಳಲು ಹೋಗಿ ನಿಜವನ್ನೇ ಹೇಳಿದ್ದ ಹುಲುಗೇಶ ಬಗ್ಗಿ ಆ ಸಾಲನ್ನು ಎರಡೆರಡು ಸಲ ಓದಿದ.

ಹೊಸದನ್ನು ಹಾಕಿ ಮುಗಿಸಿದ ಸುಧಾರಾಣಿ ಕುರ್ಚಿ ತಿರುಗಿಸಿದಳು. "ಲೇ ಹುಲುಗೇಶ, ಸಾಹೇಬ್ರ ದನ್ಯಾಗ ಇನ್ನೊಮ್ಮಿ ಸುಳ್ಳು ಹೇಳು. ನಾಳಿ ಯಾವುದು ಮುಗಿತೈತಿ?" ಎಂದವಳೇ, ಇಡೀ ಆಫೀಸು ತಿರುಗಿ ನೋಡುವಂತೆ ನಕ್ಕಳು.