ಕೊಟ್ರಪ್ಪನ ಪೆಟ್ಟು

ನಾಲ್ಕನೇ ಸಲವೂ ಪೆಟ್ಟು ತಡವಾಗಿ ಬಿದ್ದಾಗ ಮಂಜುಶ್ರೀ ಸ್ವರ ಬರೆದ ಹಾಳೆಗಳನ್ನು ಮೇಜಿಗೆ ಕುಕ್ಕಿ ಎದ್ದಳು. ನಾಲ್ಕು ಪಿಟೀಲಿಗೂ ತಗಡು ಒತ್ತುವ ಒಂದು ಪವರ್ ಪ್ರೆಸ್ಸಿಗೂ ಅವಳು ಸಂಯೋಜಿಸಿದ ಸಂಗೀತ ಅಂದು ಸಂಜೆ ಪೀಣ್ಯದ ಇದೇ ಕಾರ್ಖಾನೆ ಶೆಡ್ಡಿನಲ್ಲಿ ಜನರ ಮುಂದೆ ನುಡಿಯಬೇಕಿತ್ತು.

"ಪಿಟೀಲು ನಿಂತ ತಕ್ಷಣ ಹೊಡೀರಿ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?"

ಪ್ರೆಸ್ಸಿನ ಆಪರೇಟರ್ ಕೊಟ್ರಪ್ಪ ಕೈ ಒರೆಸಿಕೊಂಡ. "ಅದು ನಿಂತದ್ದು ನನಗ ತಿಳಿಯಂಗಿಲ್ರಿ ಮೇಡಂ. ಸಣ್ಣ ಸಪ್ಪಳ ಕಿವಿಗೆ ಬೀಳಂಗಿಲ್ಲ. ಇಪ್ಪತ್ತು ವರ್ಷ ಆತು ಇದರ ಮುಂದ ನಿಂತು."

ಅವಳ ಮುಖ ಬಿಸಿಯಾಯಿತು. ಎರಡು ತಿಂಗಳಿಂದ ಈ ಸದ್ದಿನ ಚೆಂದವನ್ನು ಕಂಡಕಂಡವರ ಮುಂದೆ ಹೊಗಳಿದ್ದಳು. ಅದನ್ನು ದಿನವಿಡೀ ಕೇಳುವ ಕಿವಿಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಕೂತಳು, ಎದ್ದಳು, ಪೆನ್ಸಿಲ್ಲಿಗೆ ತಡಕಾಡಿದಳು. ಕೊನೆಯ ಪುಟಗಳ ತಾಳದ ಗುರುತುಗಳನ್ನೆಲ್ಲ ಹೊಡೆದುಹಾಕಿದಳು.

"ಇನ್ಮೇಲೆ ಪಿಟೀಲಿನವರೇ ನಿಮಗೆ ಕಾಯ್ತಾರೆ," ಎಂದು ಅವನಿಗೆ ಕೇಳುವಂತೆ ಕೂಗಿದಳು.

"ಹಂಗಾರ ನಾ ಯಾವಾಗ ಹೊಡೀಲಿ?"

"ನಿಮಗೆ ಬೇಕನ್ನಿಸಿದಾಗ."

ಕೊಟ್ರಪ್ಪ ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತ. ನಾಲ್ಕು ಕಮಾನುಗಳು ತಂತಿಯ ಮೇಲೆ ತಡೆದು ನಿಂತವು. ಮುಂದಿನ ಸದ್ದು ಯಾವಾಗ ಬರುತ್ತದೆಂದು ಮಂಜುಶ್ರೀಗೂ ಗೊತ್ತಿರಲಿಲ್ಲ.